ಮೊದಲು ಗಡಿಯಾರ, ಆಮೇಲೆ ಗ್ರಾಫಿಕ್ಸ್

ಗೇಮ್ ತಯಾರಿಸಲು ಹೊರಟವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಯಾವ ಎಂಜಿನ್ (ಆಟ ಕಟ್ಟಲು ನೆರವಾಗುವ ತಂತ್ರಾಂಶ) ಒಳ್ಳೆಯದು? ಅನ್‌ರಿಯಲ್ ಕಲಿಯಬೇಕೆ, ಯೂನಿಟಿ ಸಾಕೆ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕೆ? ಈ ಚರ್ಚೆಯಲ್ಲೇ ತಿಂಗಳುಗಟ್ಟಲೆ ಕಳೆಯುವ ಉತ್ಸಾಹಿಗಳನ್ನು ಕಂಡರೆ ಸಂಕಟವಾಗುತ್ತದೆ. ಈ ಎಲ್ಲ ಎಂಜಿನ್‌ಗಳ ಒಳಗೂ ತಿರುಗುತ್ತಿರುವುದು ಒಂದೇ ಚಕ್ರ. ಆಟಗಾರ ಯಾವ ಕೀಲಿ ಒತ್ತಿದನೆಂದು ನೋಡು, ಎಲ್ಲವನ್ನೂ ಒಂದಿಷ್ಟು ಸರಿಸು, ಚಿತ್ರ ಬರೆ, ಮತ್ತೆ ಮೊದಲಿನಿಂದ ಶುರು ಮಾಡು. ಇದೇ ಗೇಮ್ ಲೂಪ್. ಇದನ್ನು ಮೊದಲ ದಿನವೇ ಕಣ್ಣೆದುರು ತೋರಿಸುವ ಸಾಧನವೇ ಹೊಸಬರಿಗೆ ತಕ್ಕದ್ದು.

‘ಒಂದಿಷ್ಟು ಸರಿಸು’ ಎಂದೆನಲ್ಲ, ಎಷ್ಟು? ಒಂದು ಚೆಂಡನ್ನು ಪ್ರತಿ ಸುತ್ತಿಗೆ 5 ಪಿಕ್ಸೆಲ್, ಅಂದರೆ ಪರದೆಯ 5 ಪುಟ್ಟ ಚುಕ್ಕಿಗಳಷ್ಟು, ಸರಿಸುತ್ತೇವೆ ಎಂದುಕೊಳ್ಳಿ. ಸೆಕೆಂಡಿಗೆ 60 ಸುತ್ತು ತಿರುಗುವ ಕಂಪ್ಯೂಟರಿನಲ್ಲಿ ಚೆಂಡು ಸೆಕೆಂಡಿಗೆ 300 ಪಿಕ್ಸೆಲ್ ಓಡುತ್ತದೆ. 144 ಸುತ್ತಿನ ಪರದೆಯಲ್ಲಿ ಅದೇ ಚೆಂಡು 720 ಪಿಕ್ಸೆಲ್ ಹಾರುತ್ತದೆ, 30 ಸುತ್ತಿನ ಹಳೆಯ ಲ್ಯಾಪ್‌ಟಾಪಿನಲ್ಲಿ 150ಕ್ಕೆ ಇಳಿದು ತೆವಳುತ್ತದೆ. ಆಟ ಒಂದೇ ಆದರೂ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವೇಗ!

1978ರಲ್ಲಿ ತೊಮೊಹಿರೊ ನಿಶಿಕಾಡೊ ಜಪಾನಿನಲ್ಲಿ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಈ ತೊಡಕನ್ನೇ ಸೊಗಸಾಗಿ ಬಳಸಿಕೊಂಡಿತು. ಅದರಲ್ಲಿ 55 ಅನ್ಯಗ್ರಹಜೀವಿಗಳಿದ್ದವು. ಪಾಪದ ಇಂಟೆಲ್ 8080 ಪ್ರೊಸೆಸರ್ ಒಂದು ಸುತ್ತಿನಲ್ಲಿ ಒಂದನ್ನು ಮಾತ್ರ ಸರಿಸುತ್ತಿತ್ತು. ಇಡೀ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಆಟಗಾರ ಒಂದೊಂದನ್ನೇ ಹೊಡೆದುರುಳಿಸಿದಂತೆ ಪ್ರೊಸೆಸರಿನ ಹೊರೆ ಇಳಿದು ಉಳಿದವು ಚುರುಕಾದವು. ಕೊನೆಯದಂತೂ ಮಿಂಚಿನಂತೆ ಓಡಿತು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಆಟದ ರೋಮಾಂಚನವೆಲ್ಲ ಅಲ್ಲೇ ಇತ್ತು. ಆದರೆ ಎಲ್ಲರಿಗೂ ಈ ಅದೃಷ್ಟ ಒದಗಲಿಲ್ಲ. 1981ರ ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್ ವೇಗವನ್ನೇ ನಂಬಿ ಬರೆದ ಆಟಗಳು ಮುಂದಿನ ಕಂಪ್ಯೂಟರುಗಳಲ್ಲಿ ಆಡಲಾಗದಷ್ಟು ವೇಗವಾಗಿ ಓಡಿದವು. ಹಳೆಯ ಪೆಟ್ಟಿಗೆಗಳ ಮೇಲಿದ್ದ ‘ಟರ್ಬೊ’ ಗುಂಡಿ ವೇಗ ಹೆಚ್ಚಿಸಲು ಎಂದು ಅನೇಕರು ನಂಬಿದ್ದರು. ಅದರ ನಿಜವಾದ ಉಪಯೋಗ, ಇಂಥ ಹಳೆಯ ತಂತ್ರಾಂಶಗಳಿಗಾಗಿ ಕಂಪ್ಯೂಟರನ್ನು ನಿಧಾನಗೊಳಿಸುವುದು.

ಪರಿಹಾರ ಬಹಳ ಸರಳ. ಹಿಂದಿನ ಸುತ್ತಿನಿಂದ ಈವರೆಗೆ ಎಷ್ಟು ಸಮಯ ಕಳೆಯಿತೆಂದು ಅಳೆದು, ಅದರಿಂದ ವೇಗವನ್ನು ಗುಣಿಸುವುದು. ಆ ಸಮಯವೇ ಡೆಲ್ಟಾ. 60 ಸುತ್ತಿನಲ್ಲಿ ಹೆಜ್ಜೆಗೆ 5 ಪಿಕ್ಸೆಲ್, 144ರಲ್ಲಿ ಎರಡಕ್ಕಿಂತ ತುಸು ಹೆಚ್ಚು, 30ರಲ್ಲಿ 10. ಎಲ್ಲ ಕಡೆಯೂ ಸೆಕೆಂಡಿಗೆ 300. ಅಜ್ಜನ ಕೈ ಹಿಡಿದು ಜಾತ್ರೆಗೆ ಹೊರಟ ಮೊಮ್ಮಗ ಅಜ್ಜನ ಒಂದು ಹೆಜ್ಜೆಗೆ ಮೂರು ಪುಟ್ಟ ಹೆಜ್ಜೆ ಹಾಕಿದರೂ ಇಬ್ಬರೂ ಗುಡಿ ತಲುಪುವುದು ಒಟ್ಟಿಗೇ.

ಇಷ್ಟಾದರೂ ಒಂದು ಪೇಚು ಉಳಿಯುತ್ತದೆ. ಸೆಕೆಂಡಿಗೆ 900 ಪಿಕ್ಸೆಲ್ ಸಾಗುವ ಗುಂಡು, 20 ಪಿಕ್ಸೆಲ್ ದಪ್ಪದ ಗೋಡೆ. 60 ಸುತ್ತಿನಲ್ಲಿ ಗುಂಡು 15 ಪಿಕ್ಸೆಲ್ ಜಿಗಿಯುವುದರಿಂದ ಗೋಡೆಯೊಳಗೆ ಸಿಕ್ಕಿಬೀಳುತ್ತದೆ. 30ರಲ್ಲಿ 30 ಪಿಕ್ಸೆಲ್ ಜಿಗಿದು, ಗೋಡೆಯನ್ನು ಮುಟ್ಟದೆಯೇ ಆಚೆ ದಾಟಿಬಿಡಬಹುದು. ಹೀಗಾಗಿಯೇ ಎಂಜಿನ್‌ಗಳು ಚಿತ್ರ ಬರೆಯುವ ಗತಿ ಏರಿಳಿದರೂ ಭೌತಶಾಸ್ತ್ರದ ಲೆಕ್ಕವನ್ನು ಸ್ಥಿರವಾದ ಪುಟ್ಟ ಹೆಜ್ಜೆಗಳಲ್ಲೇ ಮಾಡುತ್ತವೆ. ಗೊಡೊ ಎಂಜಿನ್‌ನಲ್ಲಿ ಅದು ಮೂಲತಃ ಸೆಕೆಂಡಿಗೆ 60 ಸಲ.

ಗೊಡೊ ಹೆಸರು ಎತ್ತಿದ್ದಕ್ಕೆ ಕಾರಣವಿದೆ. ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮಂಝೂರ್ ಆರಂಭಿಸಿದ ಈ ಎಂಜಿನ್ 2014ರಿಂದ ಮುಕ್ತ ತಂತ್ರಾಂಶ. ಸಾಧಾರಣ ಲ್ಯಾಪ್‌ಟಾಪಿನಲ್ಲೂ 2ಡಿ ಆಟಕ್ಕೆ ಸಾಲುತ್ತದೆ. 2023ರಲ್ಲಿ ಯೂನಿಟಿ ಒಂದು ಮಿತಿ ದಾಟಿದ ಆಟಗಳ ಪ್ರತಿ ಅನುಸ್ಥಾಪನೆಗೂ ಶುಲ್ಕ ವಿಧಿಸುವುದಾಗಿ ಘೋಷಿಸಿ, ಮರುವರ್ಷ ಕೈಬಿಟ್ಟಿತು. ಮುಕ್ತ ಪರವಾನಗಿಯ ಸಾಧನದಲ್ಲಿ ಆ ಆತಂಕ ಇಲ್ಲ. ಮಕ್ಕಳಿಗಾದರೆ ಬ್ಲಾಕ್‌ಗಳನ್ನು ಜೋಡಿಸಿ ಆಟ ಕಟ್ಟುವ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸ್ಕ್ರ್ಯಾಚ್ ಸಾಕು, ಅದರ ‘ಫಾರೆವರ್’ (ಸದಾ) ಬ್ಲಾಕ್ ಗೇಮ್ ಲೂಪೇ. ಕೋಡ್ ಬರೆಯುವ ಆಸೆಯಿದ್ದವರಿಗೆ ಹಾರ್ವರ್ಡ್‌ನ ಸಿಎಸ್50 ಎಂಬ ಕಂಪ್ಯೂಟರ್ ಕೋರ್ಸಿನ ಬಳಗದ ಉಚಿತ ಗೇಮ್ ಪಾಠಗಳಿವೆ. ಅವು 1972ರ ಪಾಂಗ್ ಆಟವನ್ನು ಮತ್ತೆ ಕಟ್ಟುವುದರಿಂದ ಶುರುವಾಗುತ್ತವೆ.

ವೀಡಿಯೊ ಪಾಠಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. 2023ರಲ್ಲಿ ಗೊಡೊ 4 ಬಂದಾಗ ಅನೇಕ ಹೆಸರುಗಳು ಬದಲಾದವು. ಪಾತ್ರವನ್ನು ಚಲಿಸಲು ಬಳಸುವ ‘ಕೈನೆಮ್ಯಾಟಿಕ್‌ಬಾಡಿ2ಡಿ’ ಈಗ ‘ಕ್ಯಾರೆಕ್ಟರ್‌ಬಾಡಿ2ಡಿ’. ಹಳೆಯ ವೀಡಿಯೊ ನೋಡಿ ನಕಲು ಮಾಡುವ ಹೊಸಬರು ದೋಷ ಸಂದೇಶ ಕಂಡು, ತಮಗೆ ತಲೆಯಿಲ್ಲವೆಂದು ಕೈಚೆಲ್ಲುತ್ತಾರೆ. ತಪ್ಪು ಅವರದಲ್ಲ. ಅಧಿಕೃತ ದಸ್ತಾವೇಜಿನಲ್ಲಿರುವ ಮೊದಲ 2ಡಿ ಆಟದ ಪಾಠವನ್ನೇ ಹಿಡಿಯಿರಿ.

ಆ ಪಾಠದಲ್ಲಿ ಪಾತ್ರದ ವೇಗ ಸೆಕೆಂಡಿಗೆ 400 ಪಿಕ್ಸೆಲ್. ಆಟ ಓಡತೊಡಗಿದ ಮೇಲೆ, ಸ್ಥಾನ ಬದಲಿಸುವ ಸಾಲಿನಲ್ಲಿ ಡೆಲ್ಟಾದ ಗುಣಾಕಾರವನ್ನು ಅಳಿಸಿ ನೋಡಿ. ಬಾಣದ ಕೀಲಿ ಒತ್ತಿದ ಕ್ಷಣವೇ ಪಾತ್ರ ಪರದೆಯ ಅಂಚಿಗೆ ಎಗರುತ್ತದೆ. ಗುಣಾಕಾರವನ್ನು ಮತ್ತೆ ಸೇರಿಸಿ, ಈ ಸಲ ಗರಿಷ್ಠ ಫ್ರೇಮ್ ಸಂಖ್ಯೆಯನ್ನು, ಅಂದರೆ ಸೆಕೆಂಡಿನ ಸುತ್ತುಗಳ ಮಿತಿಯನ್ನು, 15ಕ್ಕೆ ಇಳಿಸಿ. ಚಲನೆ ಕುಂಟುತ್ತದೆ, ಆದರೆ ಅಂಚು ಮುಟ್ಟಲು ಹಿಡಿಯುವ ಸಮಯ ಬದಲಾಗುವುದಿಲ್ಲ.