ಮಳೆ ತೆಗೆದು ಕೊಡಿ ಅಂದರೆ

“ಅಣ್ಣ, ಹಿಂದಿನ ಗಲಾಟೆ ತೆಗೆದು ಸ್ವಲ್ಪ ಕ್ಲೀನ್ ಮಾಡಿ ಕೊಡಿ. ಸಂಜೆಗೆ ಸಾಕು.”

ಪೆನ್‌ಡ್ರೈವ್ ಮೇಜಿನ ಮೇಲೆ ಬೀಳುವ ಮೊದಲೇ ಈ ಮಾತು ಬಿದ್ದಿರುತ್ತದೆ. ಮಡಿಕೇರಿಯಲ್ಲಿ ಸೌಂಡ್ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷ ದಾಟಿತು. ಮದುವೆ ಮನೆಯ ವಾಲಗಕ್ಕೆ ಮೈಕ್ ಇಟ್ಟಿದ್ದೇನೆ, ದಸರಾ ಮಂಟಪದ ಹಿಂದೆ ರಾತ್ರಿಯಿಡೀ ಜನರೇಟರ್ ಹೊಗೆ ಕುಡಿದಿದ್ದೇನೆ. ಈಗ ಬರುವವರಲ್ಲಿ ರಾಕ್ ಬ್ಯಾಂಡಿನ ಹುಡುಗರೇ ಹೆಚ್ಚು. ಒಳ್ಳೆಯ ಮಕ್ಕಳು, ನುಡಿಸುವುದೂ ಚೆನ್ನಾಗಿಯೇ. ಆದರೆ ಜನರ ಮುಂದೆ ನುಡಿಸಿದ್ದು ರೆಕಾರ್ಡ್ ಆಗಿ ಕೈಗೆ ಬಂದ ಮರುದಿನವೇ ಅದರಲ್ಲಿ ಜನ ಇದ್ದ ಗುರುತೇ ಉಳಿಯಬಾರದು ಅಂತ ಹಟ ಹಿಡಿಯುತ್ತಾರೆ. ಅದೊಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಒಂದು ವರ್ಷ ಮಾರ್ಚ್ ಕೊನೆಯಲ್ಲಿ ಒಂದು ಎಸ್ಟೇಟಿನ ಕಾಫಿ ಕಣದಲ್ಲಿ ಕಾರ್ಯಕ್ರಮ. ಕಣಕ್ಕೆ ತಾಗಿದ ಗೋಡೌನಿನ ಶೀಟ್ ಮಾಡಿನ ಕೆಳಗೆ ಬ್ಯಾಂಡ್, ಎದುರಿಗೆ ನೂರು ಕುರ್ಚಿ. ರೋಬಸ್ಟಾ ಕಾಫಿ ಗಿಡ ಮೊಗ್ಗು ಕಟ್ಟಿ ಕೂತಿತ್ತು, ಆ ಮೊಗ್ಗು ಅರಳಿಸುವ ಹೂಮಳೆಯ ಸುಳಿವಿಲ್ಲ, ಕೆರೆ ತಳ ಕಂಡು ಸ್ಪ್ರಿಂಕ್ಲರ್ ನಿಂತಿತ್ತು. ಬಂದವರಲ್ಲಿ ಮುಕ್ಕಾಲು ಪಾಲು ಬೆಳೆಗಾರರು. ಗಿಟಾರ್ ಕೇಳುತ್ತಿದ್ದರೋ ಆಕಾಶ ನೋಡುತ್ತಿದ್ದರೋ ಹೇಳುವುದು ಕಷ್ಟ. ನಾಲ್ಕನೇ ಹಾಡಿನ ಮಧ್ಯೆ ಹುಡುಗ ಸೋಲೋ ಎತ್ತಿಕೊಂಡ. ಅದೇ ಹೊತ್ತಿಗೆ ಶೀಟಿನ ಮೇಲೆ ಟಪ್, ಟಪ್. ಆಮೇಲೆ ಒಂದೇ ಸಲ ಜಲ್ಲಿ ಸುರಿದ ಹಾಗೆ. ಇಡೀ ಕಣ ಎದ್ದು ನಿಂತು ಕೇಕೆ ಹಾಕಿತು. ಹುಡುಗ ಅದು ತನಗೇ ಅಂದುಕೊಂಡ, ಪಾಪ. ಕಣ್ಣು ಮುಚ್ಚಿಕೊಂಡು ಇನ್ನೂ ಎರಡು ಸುತ್ತು ಎಳೆದ, ಅಷ್ಟು ಚೆನ್ನಾಗಿ ಅವನು ಅದಕ್ಕೆ ಮೊದಲೂ ನುಡಿಸಿರಲಿಲ್ಲ, ಆಮೇಲೂ ನುಡಿಸಿಲ್ಲ.

ಎರಡು ದಿನ ಬಿಟ್ಟು ಬಂದ. “ಅಣ್ಣ, ಸೋಲೋ ಸೂಪರ್ ಆಗಿದೆ. ಆ ಮಳೆ ಒಂದು ತೆಗೆದುಬಿಡಿ.”

ಮಳೆ ಒಂದು ತೆಗೆಯುವುದು. ಇಲ್ಲಿಯೇ ನಾನು ಕುರ್ಚಿ ತಿರುಗಿಸಿ ಪಾಠ ಶುರು ಮಾಡುವುದು, ಹೆಂಡತಿ ಒಳಗಿನಿಂದ ನಗುವುದು. ಮೈಕಿಗೆ ಹಾಡು ಬೇರೆ, ಗಲಾಟೆ ಬೇರೆ ಅಂತ ಗೊತ್ತಿಲ್ಲ. ಅದರ ತೆಳು ಪರದೆಗೆ ತಾಗುವುದು ಒಂದೇ ಗಾಳಿ. ಡ್ರಮ್ಸ್, ಮಳೆ, ಹಿಂದಿನ ಸಾಲಿನವರ ಕೆಮ್ಮು ಎಲ್ಲ ಕೂಡಿ ಆ ಪರದೆಯನ್ನು ಒಂದೇ ಸಲ ಅಲ್ಲಾಡಿಸುತ್ತವೆ. ರೆಕಾರ್ಡ್ ಆಗುವುದು ಆ ಅಲುಗಾಟ, ಮತ್ತೇನೂ ಅಲ್ಲ. ಬಟ್ಟೆಗೆ ಹತ್ತಿದ ಕೆಸರಿನ ಹಾಗೆ ಸದ್ದು ಹಾಡಿನ ಮೇಲೆ ಕೂತಿರುವುದಿಲ್ಲ. ಚಿಕೋರಿ ಬೆರೆಸಿದ ಪುಡಿ ತಂದು ಚಿಕೋರಿ ಹೆಕ್ಕಿ ಕೊಡಿ ಅಂದ ಹಾಗೆ ಇದು. ನೀರಿಗೆ ಹಾಕಿದರೆ ಚಿಕೋರಿ ತಳ ಸೇರುತ್ತದಲ್ಲ ಅಂತ ಒಬ್ಬ ಬುದ್ಧಿವಂತ ಕೇಳಿದ. ಸೇರುತ್ತದೆ. ಆದರೆ ಮೇಲೆ ತೇಲುವ ಪುಡಿಯಲ್ಲಿ ಆಮೇಲೆ ಯಾರು ಕಾಫಿ ಮಾಡುತ್ತಾರೆ?

ಅದರಲ್ಲೂ ಮಳೆ. ಶೀಟಿಗೆ ಬೀಳುವ ಮಳೆಗೆ ಇಂಥದ್ದೇ ಶ್ರುತಿ ಅಂತ ಇಲ್ಲ, ತಗ್ಗಿನಿಂದ ಏರಿನವರೆಗೆ ಎಲ್ಲ ಕಡೆ ಹರಡಿಕೊಂಡಿರುತ್ತದೆ. ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ, ಸಿಂಬಲ್ ಕೂಡ ಹಾಗೆಯೇ. ಹಾಡುವವನ ‘ಸ’, ‘ಶ’ ಕೂಡ ಅದೇ ಬೀದಿಯವರು. ಸಾಫ್ಟ್‌ವೇರ್ ಏನು ಮಾಡುತ್ತದೆ? ಬರೀ ಮಳೆ ಇರುವ ಒಂದೆರಡು ಸೆಕೆಂಡ್ ಕೇಳಿ ಕಲಿತು, ಅಷ್ಟು ಮಟ್ಟದ ಸದ್ದು ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ಒತ್ತಿಬಿಡುತ್ತದೆ. ಸಿಂಬಲ್ಲಿನ ಏಟು ಜೋರಿರುವುದರಿಂದ ಉಳಿಯುತ್ತದೆ. ಅದರ ಬಾಲ ಇಳಿಯುತ್ತಾ ಬಂದು ಮಳೆಯ ಮಟ್ಟ ಮುಟ್ಟಿದ ಕೂಡಲೇ ಕತ್ತರಿ. ‘ಝ್‌ಯ್ಂ’ ಅನ್ನಬೇಕಾದದ್ದು ‘ಝ್’ ಅಂತ ಸಾಯುತ್ತದೆ, ನಡುವೆ ನೀರೊಳಗೆ ಗುಳುಗುಳು ಅಂದ ಹಾಗೆ ಏನೋ ಉಳಿಯುತ್ತದೆ. ಈಚಿನ ಎಐ ಸಾಫ್ಟ್‌ವೇರ್‌ಗಳನ್ನು ನಾನೂ ಬಳಸುತ್ತೇನೆ. ಕೊರಳನ್ನು ಚೆನ್ನಾಗಿ ಬಿಡಿಸಿ ಕೊಡುತ್ತವೆ. ಮಳೆಯನ್ನು ಮಾತ್ರ, ನಾನು ನೋಡಿದ ಮಟ್ಟಿಗೆ, ತಂದು ಡ್ರಮ್ಸ್ ರಾಶಿಗೇ ಸುರಿಯುತ್ತವೆ. ಮುಂದೆ ಸುಧಾರಿಸಬಹುದು, ಇಲ್ಲ ಅನ್ನುವುದಿಲ್ಲ.

ಏನೂ ತೆಗೆಯಲು ಬರುವುದಿಲ್ಲ ಅಂತಲೂ ಅಲ್ಲ. ದ ಹೂ (The Who) ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡ್ 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ನುಡಿಸಿದ್ದು ಅದೇ ವರ್ಷ ಎಲ್‌ಪಿಯಾಗಿ ಬಂತು. ಟೇಪಿನಲ್ಲಿ ಚಟಪಟ ಸದ್ದು ಸೇರಿಕೊಂಡಿತ್ತು. ಅದು ಇರಲಿ, ಸರಿ ಮಾಡಬೇಡಿ ಅಂತ ಲೇಬಲ್ಲಿನ ಮೇಲೆಯೇ ಕೈಬರಹದಲ್ಲಿ ಬರೆದಿದ್ದರು. 1995ರ ಸಿಡಿಗೆ ಆ ಚಟಪಟವನ್ನು ಕಂಪ್ಯೂಟರಿನಲ್ಲಿ ತೆಗೆದರು, ಹಾಡಿಗೆ ಏನೂ ಆಗಲಿಲ್ಲ. ಯಾಕೆಂದರೆ ಚಟಪಟ ಅನ್ನುವುದು ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ಆಚೀಚೆ ನೋಡಿ ಆ ತೂತಿಗೆ ತೇಪೆ ಹಾಕಬಹುದು. ಐದು ನಿಮಿಷದ ಮಳೆಗೆ ಆಚೆ ಎಲ್ಲಿ, ಈಚೆ ಎಲ್ಲಿ?

ಕರೆಂಟಿನ ಗುಂಯ್ ಸದ್ದನ್ನೂ ತೆಗೆಯಬಹುದು, ಸ್ವಲ್ಪ ಎಚ್ಚರದಿಂದ. ನಮ್ಮ ಕರೆಂಟ್ 50 ಹರ್ಟ್ಜ್. ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಮನೆ ಒತ್ತಿದರೆ ಬರುವುದು 49. ಕಣ್ಣು ಮುಚ್ಚಿ 50ನ್ನು ಕತ್ತರಿಸಿದವನು ಬೇಸಿನ ಒಂದು ಸ್ವರವನ್ನೇ ಕೊಂದಿರುತ್ತಾನೆ. ಜನರೇಟರ್ ಮೇಲೆ ನಡೆದ ಕಾರ್ಯಕ್ರಮವಾದರೆ ಆ 50 ಕೂಡ ನಿಂತಲ್ಲಿ ನಿಲ್ಲುವುದಿಲ್ಲ. ಕೊಡಗಿನಲ್ಲಿ ಜನರೇಟರ್ ಇಲ್ಲದೆ ಕಾರ್ಯಕ್ರಮ ಎಲ್ಲಿ ನಡೆಯುತ್ತದೆ, ಹೇಳಿ.

ಗದ್ದಲ ಯಾಕೆ ಉಳಿಯಬೇಕು ಅಂತ ಕೇಳುವವರಿಗೆ ಜನಪದ ಶೈಲಿಯ ಹಾಡುಗಳಿಂದ ಹೆಸರಾದ ಅಮೆರಿಕದ ಬಾಬ್ ಡಿಲನ್‌ನ ಮ್ಯಾಂಚೆಸ್ಟರ್ ರೆಕಾರ್ಡಿಂಗ್ ಹಾಕಿ ಕೇಳಿಸುತ್ತೇನೆ. 1966ರ ಮೇ 17. ಎಲೆಕ್ಟ್ರಿಕ್ ಗಿಟಾರ್ ಹಿಡಿದನಲ್ಲ ಅಂತ ಸಿಟ್ಟಾದವನೊಬ್ಬ ಸಭೆಯಿಂದ “ಜೂಡಾಸ್!” ಅಂತ, ಅಂದರೆ ಏಸುವಿಗೆ ದ್ರೋಹ ಬಗೆದವನ ಹೆಸರು ಹಿಡಿದು, ಕೂಗುತ್ತಾನೆ. ಡಿಲನ್ ಅವನನ್ನು ಸುಳ್ಳುಗಾರ ಅಂದು, ಬ್ಯಾಂಡಿಗೆ ಜೋರಾಗಿ ಬಾರಿಸಲು ಹೇಳುತ್ತಾನೆ. ಲಂಡನ್ನಿನ ಆಲ್ಬರ್ಟ್ ಹಾಲಿನದು ಎಂಬ ತಪ್ಪು ಹೆಸರಿನಲ್ಲೇ ಅದು ಕಳ್ಳ ಪ್ರತಿಯಾಗಿ ವರ್ಷಗಟ್ಟಲೆ ಓಡಾಡಿತು, ಅಧಿಕೃತವಾಗಿ ಬಿಡುಗಡೆಯಾದದ್ದು 1998ರಲ್ಲಿ. ನಮ್ಮ ಹುಡುಗರ ಕೈಗೆ ಸಿಕ್ಕಿದ್ದರೆ ಮೊದಲು ಅಳಿಸುತ್ತಿದ್ದದ್ದೇ ಆ ಕೂಗನ್ನು.

ಹಾಗಂತ ಫೋನಿನಲ್ಲಿ ಹೊಡೆದದ್ದೆಲ್ಲ ‘ರಾ’, ಏನೂ ತಿದ್ದದ ಅಸಲು ಸದ್ದು ಅಂತ ತರಬೇಡಿ. ಫೋನ್ ತನ್ನಷ್ಟಕ್ಕೆ ಸದ್ದನ್ನು ಏರಿಸುತ್ತದೆ, ಇಳಿಸುತ್ತದೆ. ಡ್ರಮ್ ಬಿದ್ದಾಗ ಜನ ಮಾಯ, ಡ್ರಮ್ ನಿಂತಾಗ ಜನ ಕಿವಿಯೊಳಗೆ. ಎಲ್ಲ ಮೈಕುಗಳ ವೈರ್ ಬಂದು ಸೇರುವ ಮಿಕ್ಸರಿನಿಂದ ಮಾತ್ರ ತೆಗೆದದ್ದೂ ಸಾಲದು. ಸಣ್ಣ ಜಾಗದಲ್ಲಿ ಡ್ರಮ್ಸ್‌ಗೆ, ಗಿಟಾರ್ ಆಂಪ್‌ಗೆ ತಮ್ಮದೇ ಸದ್ದು ಸಾಕಷ್ಟಿರುವುದರಿಂದ ಮಿಕ್ಸರಿಗೆ ಅವನ್ನು ಕೊಡುವುದೇ ಕಡಿಮೆ. ಕೇಳಿದರೆ ಹಾಡುವವನೊಬ್ಬ ಬಾವಿಯಲ್ಲಿ ನಿಂತ ಹಾಗಿರುತ್ತದೆ. ಮಿಕ್ಸರಿನದೊಂದು, ಜನರ ತಲೆಗಿಂತ ಮೇಲೆ ಸ್ಟ್ಯಾಂಡಿಗೆ ಕಟ್ಟಿದ ರೆಕಾರ್ಡರಿನದೊಂದು, ಎರಡೂ ಇರಲಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನವರು 1984ರಲ್ಲಿ ರೆಕಾರ್ಡ್ ಮಾಡುವ ಅಭಿಮಾನಿಗಳಿಗೆಂದೇ ಮಿಕ್ಸರಿನ ಹಿಂದೆ ಪ್ರತ್ಯೇಕ ಜಾಗ ಬಿಟ್ಟರು. ಆಪರೇಟರ್ ಕೇಳಿಕೊಂಡು ತಿದ್ದುವ ಸದ್ದು ಅಲ್ಲಿಗೂ ಹಾಗೆಯೇ ತಲುಪುತ್ತದೆ. ಎರಡನ್ನೂ ಬೆರೆಸುವಾಗ ಒಂದು ಲೆಕ್ಕ: ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ರೆಕಾರ್ಡರ್ ಸ್ಟೇಜಿನಿಂದ 17 ಮೀಟರ್ ಹಿಂದಿದ್ದರೆ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ತಡ. ಮಿಕ್ಸರಿನದನ್ನೂ ಅಷ್ಟೇ ತಡ ಮಾಡದಿದ್ದರೆ ಪ್ರತಿ ಏಟೂ ಎರಡೆರಡು. ಲೆವೆಲ್ ತಗ್ಗಿಸಿಯೇ ಇಡಿ. ಕೆಂಪು ದೀಪ ಹತ್ತಿ ಒಡೆದ ಸದ್ದನ್ನು ನಾನು ಸರಿ ಮಾಡಿ ಕೊಡಲಾರೆ.

ಆ ಸೋಲೋ ವಿಷಯಕ್ಕೆ ಬರುತ್ತೇನೆ. ಪಾಠವೆಲ್ಲ ಮುಗಿದ ಮೇಲೂ ಹುಡುಗ ಮುಖ ಸಣ್ಣದು ಮಾಡಿಕೊಂಡು ಕೂತ. ನಾನೂ ಕರಗಿದೆ, ಅದು ನನ್ನ ತಪ್ಪು. ರಾತ್ರಿ ಒಂದರವರೆಗೆ ಕೂತು ಆದಷ್ಟು ಮಳೆ ತೆಗೆದೆ. ಸಿಂಬಲ್ ನೀರಿಗೆ ಬಿತ್ತು. ಕೇಕೆ ಮಾತ್ರ ಹಾಗೇ ಉಳಿಯಿತು, ಯಾಕೆ ಕೂಗುತ್ತಿದ್ದಾರೆ ಅಂತ ಕೇಳುವವರಿಗೆ ತಿಳಿಯುವ ಹಾಗಿಲ್ಲ. ಅವನು ಸಂತೋಷದಿಂದ ತೆಗೆದುಕೊಂಡು ಹೋದ.

ವಾರ ಬಿಟ್ಟು ಎಸ್ಟೇಟಿನ ಯಜಮಾನರ ಫೋನ್. “ಅಲ್ಲ ಮಾರಾಯ, ಮಳೆ ಎಲ್ಲಿ? ಅವತ್ತು ಒಂದು ಇಂಚು ಹತ್ತು ಸೆಂಟ್ ಬಿದ್ದಿದೆ, ನಾನು ಬರೆದಿಟ್ಟಿದ್ದೇನೆ. ಇದರಲ್ಲಿ ಒಂದು ಹನಿ ಇಲ್ಲ.”

ಮೂಲ ಫೈಲ್ ನನ್ನಲ್ಲಿತ್ತು. ಯಾರದೇ ಆಗಲಿ, ಮೂಲವನ್ನು ನಾನು ಅಳಿಸುವುದಿಲ್ಲ. ಕಳಿಸಿಕೊಟ್ಟೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನ್ ಬಂತು. ಖುಷಿಯಾಗಿದ್ದರು. ಹೆಂಡತಿಯನ್ನೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೂ ಕರೆದು ಕೇಳಿಸಿದರಂತೆ.

“ಒಂದು ಸಣ್ಣ ಕೆಲಸ,” ಅಂದರು. “ಆ ಗಿಟಾರ್ ಒಂದು ತೆಗೆದು, ಬರೀ ಮಳೆ ಕೊಡಲಿಕ್ಕೆ ಆಗ್ತದಾ?”