ಹೆಪ್ಪು ತಡೆಯಬೇಕು, ರಕ್ತ ಸೋರಬಾರದು: ನೂರು ವರ್ಷಗಳ ಹುಡುಕಾಟ

ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಗೋ ರಾಯಚೂರಿಗೋ ಬರುವವರಲ್ಲಿ ಹೃದಯದ ಕವಾಟ ಬದಲಿಸಿಕೊಂಡವರೂ ಇರುತ್ತಾರೆ. ಅವರ ಚೀಲದಲ್ಲಿ ಒಂದು ಸಣ್ಣ ಪುಸ್ತಕ. ಅದರಲ್ಲಿ ಸಾಲಾಗಿ ದಿನಾಂಕಗಳು, ಎದುರಿಗೆ 1.6, 2.8, 4.1 ಎಂಬಂಥ ಅಂಕಿಗಳು, ಅಂಚಿನಲ್ಲಿ ವೈದ್ಯರ ಕೈಬರಹ: ‘ಸೋಮ, ಬುಧ, ಶುಕ್ರ ಒಂದು, ಉಳಿದ ದಿನ ಅರ್ಧ’. ಆ ಅಂಕಿಗೆ ಐಎನ್‌ಆರ್ ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬುದರ ಅಳತೆ ಅದು. ಔಷಧ ತೆಗೆದುಕೊಳ್ಳದವರಲ್ಲಿ ಒಂದರ ಆಸುಪಾಸಿನಲ್ಲಿರುತ್ತದೆ. ಲೋಹದ ಕವಾಟ ಹಾಕಿಸಿಕೊಂಡವರಲ್ಲಿ 2 ಮತ್ತು 3ರ ನಡುವೆ, ಕೆಲವರಲ್ಲಿ 3.5ರವರೆಗೆ ಇರಬೇಕು. ಕೆಳಗಿಳಿದರೆ ಕವಾಟದ ಮೇಲೆ ಹೆಪ್ಪು ಕೂರುತ್ತದೆ. ಅದರ ಚೂರು ಮಿದುಳಿಗೆ ಹೋದರೆ ಲಕ್ವ. ಮೇಲೇರಿದರೆ ವಸಡಿನಲ್ಲಿ, ಕರುಳಿನಲ್ಲಿ, ಕೆಲವೊಮ್ಮೆ ಮಿದುಳಿನಲ್ಲಿಯೇ ರಕ್ತಸ್ರಾವ.

ಇಷ್ಟು ಇಕ್ಕಟ್ಟಾದ ದಾರಿಯಲ್ಲಿ ಒಬ್ಬ ಕೂಲಿಕಾರ, ಒಬ್ಬ ಬಾಣಂತಿ, ಒಬ್ಬ ಕಾಲೇಜು ಹುಡುಗ ವರ್ಷಗಟ್ಟಲೆ ನಡೆಯಬೇಕಾಗಿದೆ. ಈ ದಾರಿಯನ್ನು ಅಗಲ ಮಾಡುವುದಕ್ಕೆ ವಿಜ್ಞಾನ ನೂರು ವರ್ಷಗಳಿಂದ ಹೆಣಗುತ್ತಿದೆ. ಈಚಿನ ಹತ್ತು ವರ್ಷಗಳಲ್ಲಿ ನಿಜವಾದ ಆಸೆ ಮೂಡಿದೆ. ಆದರೆ ಆ ಆಸೆಯ ಫಲ ಮೊದಲು ಯಾರ ಮನೆ ಬಾಗಿಲಿಗೆ ಬರುತ್ತದೆ ಎಂಬುದನ್ನು ನಮ್ಮ ಕಡೆಯವರು ಕೇಳಲೇಬೇಕು.

ರಕ್ತ ಹೆಪ್ಪುಗಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಈ ಸೀಮೆಯ ವೈದ್ಯರಿಗೆ ಹಾವುಗಳೇ ಕಲಿಸಿವೆ. ಭತ್ತದ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ತಂದಾಗ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಒಣಗಿದ, ಶುಭ್ರವಾದ ಗಾಜಿನ ಕೊಳವೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಒಮ್ಮೆ ಓರೆ ಮಾಡುತ್ತಾರೆ. ರಕ್ತ ಗಟ್ಟಿಯಾಗಿ ತಳದಲ್ಲಿ ನಿಂತಿದ್ದರೆ ಸದ್ಯಕ್ಕೆ ನೆಮ್ಮದಿ. ನೀರಿನಂತೆ ಹರಿದರೆ ವಿಷ ಕೆಲಸ ಮಾಡಿದೆ, ಪ್ರತಿವಿಷ ಕೊಡಲೇಬೇಕು. ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ವಿಷ ಒಮ್ಮೆಗೇ ಕೆರಳಿಸಿ ಖರ್ಚು ಮಾಡಿಬಿಟ್ಟಿರುತ್ತದೆ.

ಈ ಪ್ರೋಟೀನುಗಳ ಕೆಲಸ ಸರಪಳಿಯಂಥದು. ರಕ್ತನಾಳಕ್ಕೆ ಗಾಯವಾದೊಡನೆ ಪ್ಲೇಟ್‌ಲೆಟ್ ಕಣಗಳು ಬಂದು ಅಂಟಿಕೊಳ್ಳುತ್ತವೆ. ಯಕೃತ್ತಿನಲ್ಲಿ ತಯಾರಾಗುವ, ವೈದ್ಯರು ಸಂಖ್ಯೆಗಳಿಂದ ಗುರುತಿಸುವ ಹತ್ತಾರು ಅಂಶಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗಿ ಕೊನೆಗೆ ಥ್ರಾಂಬಿನ್ ಹುಟ್ಟುತ್ತದೆ. ಅದು ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಅನ್ನು ನೂಲಾಗಿಸಿ ಬಲೆ ನೇಯುತ್ತದೆ. ಗಾಯ ಮುಚ್ಚುವುದೂ ಇದರಿಂದಲೇ, ಹೃದಯಾಘಾತ ಮತ್ತು ಲಕ್ವಕ್ಕೆ ಕಾರಣವಾಗುವುದೂ ಇದೇ. ಹಾಗಾಗಿ ಹೆಪ್ಪನ್ನು ತಡೆದರೆ ರಕ್ತಸ್ರಾವ ಜೊತೆಗೆ ಬರಲೇಬೇಕು ಎಂದು ವೈದ್ಯಶಾಸ್ತ್ರ ಬಹುಕಾಲ ಒಪ್ಪಿಕೊಂಡೇ ಕೂತಿತ್ತು.

ಮೊದಲ ಔಷಧ ಹೆಪಾರಿನ್. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಾ ಹೋಗಿ, ಅದಕ್ಕೆ ತದ್ವಿರುದ್ಧವಾದುದನ್ನು ಕಂಡ. ಅದನ್ನು ಶುದ್ಧೀಕರಿಸಿ ರೋಗಿಗಳಿಗೆ ಕೊಡಲು ಇಪ್ಪತ್ತು ವರ್ಷ ಹಿಡಿಯಿತು. ಇಂದಿಗೂ ಆಸ್ಪತ್ರೆಗಳಲ್ಲಿ ಅದು ಬೇಕೇ ಬೇಕು, ಆದರೆ ಚುಚ್ಚುಮದ್ದು. ಮನೆಯಲ್ಲಿ ವರ್ಷಗಟ್ಟಲೆ ತೆಗೆದುಕೊಳ್ಳುವಂಥದಲ್ಲ.

ಮಾತ್ರೆಯ ಕಥೆ ದನದ ಕೊಟ್ಟಿಗೆಯಿಂದ ಶುರುವಾಗುತ್ತದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಬಯಲು ಸೀಮೆಗಳಲ್ಲಿ ಆರೋಗ್ಯವಾಗಿದ್ದ ದನಗಳು ಕೊಂಬು ಕತ್ತರಿಸಿದಷ್ಟಕ್ಕೇ ರಕ್ತ ಸುರಿದು ಸಾಯತೊಡಗಿದವು. ಮಳೆಗೆ ನೆನೆದು ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಇದಕ್ಕೆ ಕಾರಣ ಎಂದು ಪಶುವೈದ್ಯರು ಗುರುತಿಸಿದರು. ಕಾಲ ಕಷ್ಟದ್ದು, ಕೆಟ್ಟ ಮೇವನ್ನು ಎಸೆದು ಬೇರೆ ಕೊಳ್ಳುವ ಶಕ್ತಿ ರೈತರಿಗಿರಲಿಲ್ಲ. ಬರಗಾಲದಲ್ಲಿ ಮೇವಿಗಾಗಿ ಪರದಾಡಿದ ನಮ್ಮ ಜಿಲ್ಲೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1933ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್‌ನ ಎಡ್ ಕಾರ್ಲ್‌ಸನ್ ಎಂಬ ರೈತ, ಹಿಮಗಾಳಿಯ ನಡುವೆ ಸತ್ತ ಹಸುವನ್ನೂ ಆ ಮೇವನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಗಾಡಿಗೆ ಹಾಕಿಕೊಂಡು ವಿಶ್ವವಿದ್ಯಾಲಯದ ಬಾಗಿಲಿಗೆ ಬಂದ. ಅಲ್ಲಿದ್ದ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಆ ಕ್ಯಾನಿನ ಹಿಂದೆ ಬಿದ್ದು ಕೆಲವು ವರ್ಷಗಳ ನಂತರ ಡೈಕೌಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದರ ತಮ್ಮನಂಥ ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಯುವಕನೊಬ್ಬ ಅದನ್ನು ನುಂಗಿ ಆತ್ಮಹತ್ಯೆಗೆ ಯತ್ನಿಸಿದ. ಕೆ ಜೀವಸತ್ವ ಕೊಟ್ಟು ಉಳಿಸಿದರು. ಮನುಷ್ಯರಿಗೆ ಕೊಟ್ಟರೂ ಹಿಂದಕ್ಕೆ ತರಬಹುದು ಎಂಬ ಧೈರ್ಯ ಬಂದದ್ದು ಆಗ. 1954ರಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ಭಾರತದಲ್ಲಿ ಇದೇ ಬಳಗದ ಅಸೆನೊಕೌಮರಾಲ್ ಹೆಚ್ಚು ಬಳಕೆಯಲ್ಲಿದೆ. ಅಗ್ಗದ ಮಾತ್ರೆ, ಆದರೆ ಮುಂಗೋಪಿ. ಕೆ ಜೀವಸತ್ವದಿಂದ ತಯಾರಾಗುವ 2, 7, 9 ಮತ್ತು 10ನೇ ಅಂಶಗಳನ್ನು ಇದು ಒಟ್ಟಿಗೇ ಕುಗ್ಗಿಸುತ್ತದೆ. ಆ ಜೀವಸತ್ವ ಇರುವುದು ಹಸಿರು ಸೊಪ್ಪಿನಲ್ಲಿ. ರೊಟ್ಟಿಯ ಜೊತೆ ಮೆಂತ್ಯ, ಪಾಲಕ್ ಒಂದು ವಾರ ಯಥೇಚ್ಛವಾಗಿ ತಿಂದು ಮರುವಾರ ಪೂರ್ತಿ ಬಿಟ್ಟರೆ ಐಎನ್‌ಆರ್ ಏರುಪೇರಾಗುತ್ತದೆ. ಸೊಪ್ಪನ್ನೇ ಬಿಡಬೇಕು ಎಂದು ಹೆದರಿಸುವುದು ತಪ್ಪು. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ಇದಕ್ಕಿಂತ ನನಗೆ ಭಯ ಹುಟ್ಟಿಸುವುದು ಮೈಕೈ ನೋವಿಗೆಂದು ಕೇಳಿ ಹಾಕಿಸಿಕೊಳ್ಳುವ ಸೂಜಿ. ಈ ಮಾತ್ರೆ ನುಂಗುವವರ ಸ್ನಾಯುವಿಗೆ ಸೂಜಿ ಚುಚ್ಚಿದರೆ ಒಳಗೇ ರಕ್ತ ತುಂಬಿಕೊಳ್ಳಬಹುದು, ನೋವು ನಿವಾರಕಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು.

ಆಸ್ಪಿರಿನ್‌ನದು ಬೇರೆ ದಾರಿ. ಅದು ಕೈಯಿಡುವುದು ಪ್ಲೇಟ್‌ಲೆಟ್‌ಗಳ ಮೇಲೆ. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ ಹೃದಯಾಘಾತದ ಶಂಕೆಯಿದ್ದ 17,187 ರೋಗಿಗಳನ್ನು ನೋಡಿದಾಗ, ಆಸ್ಪಿರಿನ್ ಕೊಟ್ಟವರಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದ ಸಾವು ಶೇ 23ರಷ್ಟು ಕಡಿಮೆಯಾಗಿತ್ತು. ಅಲ್ಲಿಂದ ಮುಂದೆ ಏನೂ ಇಲ್ಲದವರೂ ‘ರಕ್ತ ತೆಳುವಾಗಲಿ’ ಎಂದು ಅದನ್ನು ನುಂಗಲು ಶುರು ಮಾಡಿದರು. 2018ರಲ್ಲಿ ಬಂದ ಆಸ್ಪ್ರೀ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು: ಹೃದ್ರೋಗವಿಲ್ಲದ 19,114 ಹಿರಿಯರಲ್ಲಿ ಆಸ್ಪಿರಿನ್‌ನಿಂದ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು. ಪ್ಲೇಟ್‌ಲೆಟ್‌ಗಳನ್ನು ಇನ್ನೂ ಗಟ್ಟಿಯಾಗಿ ತಡೆಯುವ ಟೈರೊಫಿಬಾನ್ ಎಂಬ ಔಷಧಕ್ಕೆ ಮಾದರಿಯಾದದ್ದು ಗರಗಸ ಮಂಡಲದ ವಿಷದ ಪ್ರೋಟೀನು. ಅದೇ ಹಾವು ನಮ್ಮ ಕಲ್ಲುಗುಡ್ಡಗಳ ಒಣ ನೆಲದಲ್ಲೂ ಇದೆ.

2009ರಿಂದೀಚೆಗೆ ದೊಡ್ಡ ಬದಲಾವಣೆಯಾಯಿತು. ಡಾಬಿಗಾಟ್ರಾನ್ ನೇರವಾಗಿ ಥ್ರಾಂಬಿನ್ ಅನ್ನು, ರಿವರಾಕ್ಸಬಾನ್ ಮತ್ತು ಅಪಿಕ್ಸಬಾನ್ 10ನೇ ಅಂಶವನ್ನು ತಡೆಯುತ್ತವೆ. ಐಎನ್‌ಆರ್ ನೋಡಬೇಕಾಗಿಲ್ಲ, ಸೊಪ್ಪಿನ ಚಿಂತೆಯಿಲ್ಲ. ಹೃದಯ ಬಡಿತ ಲಯ ತಪ್ಪಿದ 18,201 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಪಿಕ್ಸಬಾನ್, ವಾರ್ಫರಿನ್‌ಗಿಂತ ಶೇ 21ರಷ್ಟು ಲಕ್ವವನ್ನೂ ಶೇ 31ರಷ್ಟು ದೊಡ್ಡ ರಕ್ತಸ್ರಾವವನ್ನೂ ತಗ್ಗಿಸಿತು. ಮಿದುಳಿನ ರಕ್ತಸ್ರಾವ ಅರ್ಧಕ್ಕಿಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಲೋಹದ ಕವಾಟದವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದಾಗ ಹೆಪ್ಪೂ ಹೆಚ್ಚಿತು, ರಕ್ತಸ್ರಾವವೂ ಹೆಚ್ಚಿತು. ಆ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ನಮಗೆ ಇನ್ನೂ ಹತ್ತಿರದ್ದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ. ಬಾಲ್ಯದ ಗಂಟಲು ಸೋಂಕಿನಿಂದ ಬರುವ ಸಂಧಿವಾತ ಜ್ವರ ಹೃದಯದ ಕವಾಟವನ್ನು ಹಾಳು ಮಾಡುತ್ತದೆ. ಶ್ರೀಮಂತ ದೇಶಗಳಲ್ಲಿ ಈ ರೋಗ ಬಹುಮಟ್ಟಿಗೆ ಮರೆಯಾಗಿದೆ, ನಮ್ಮಲ್ಲಿ ಇಲ್ಲ. ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಮುಂಚೂಣಿಯಲ್ಲಿದ್ದ ಈ ಅಧ್ಯಯನ 24 ದೇಶಗಳ ಇಂಥ ರೋಗಿಗಳನ್ನು ನೋಡಿತು. ಹೊಸ ಮಾತ್ರೆಯೇ ಗೆಲ್ಲುತ್ತದೆ ಎಂಬ ನಿರೀಕ್ಷೆಯಿತ್ತು. ಆದದ್ದು ಉಲ್ಟಾ: ರಿವರಾಕ್ಸಬಾನ್ ಪಡೆದ 2,275 ಜನರಲ್ಲಿ 560 ಮಂದಿಗೆ ಲಕ್ವ, ಹೃದಯಾಘಾತ, ಸಾವು ಇತ್ಯಾದಿ ಅನಾಹುತವಾದರೆ, ವಾರ್ಫರಿನ್ ಬಳಗದ ಹಳೆಯ ಮಾತ್ರೆ ಪಡೆದ 2,256 ಜನರಲ್ಲಿ ಅದು 446. ರಕ್ತಸ್ರಾವದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇರೆ ದೇಶದ ಬೇರೆ ರೋಗಿಗಳ ಮೇಲೆ ಗೆದ್ದ ಔಷಧವನ್ನು ಕಣ್ಣು ಮುಚ್ಚಿ ನಮ್ಮವರಿಗೆ ಬರೆಯಬಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನಾನು ಕಂಡಿಲ್ಲ.

ಇನ್ನು 11ನೇ ಅಂಶದ ಕಥೆ. 1953ರಲ್ಲಿ ಅಮೆರಿಕದ ವೈದ್ಯರು ಒಂದೇ ಕುಟುಂಬದ ಕೆಲವರಲ್ಲಿ, ಹಲ್ಲು ಕೀಳಿಸಿದಾಗ ಮತ್ತು ಗಂಟಲಿನ ಶಸ್ತ್ರಚಿಕಿತ್ಸೆಯಾದಾಗ ರಕ್ತ ನಿಲ್ಲಲು ತಡವಾಗುವುದನ್ನು ಕಂಡರು. ಅವರ ರಕ್ತದಲ್ಲಿ 11ನೇ ಅಂಶದ ಕೊರತೆಯಿತ್ತು. 8ನೇ ಅಂಶವಿಲ್ಲದ ಹಿಮೋಫಿಲಿಯಾ ಮಕ್ಕಳಂತೆ ಇವರ ಕೀಲುಗಳಲ್ಲಿ ತಾನಾಗಿಯೇ ರಕ್ತ ತುಂಬಿಕೊಳ್ಳುತ್ತಿರಲಿಲ್ಲ. ದಶಕಗಳ ನಂತರ ಇಂಥವರನ್ನು ಲೆಕ್ಕ ಹಾಕಿ ನೋಡಿದಾಗ ಇನ್ನೊಂದು ಸಂಗತಿ ಹೊಳೆಯಿತು: ಅವರಲ್ಲಿ ಹೆಪ್ಪಿನಿಂದಾಗುವ ಲಕ್ವವೂ ಕಾಲಿನ ರಕ್ತನಾಳದ ಹೆಪ್ಪೂ ಕಡಿಮೆ. ಗಾಯ ಮುಚ್ಚುವ ಮೊದಲ ಹೆಪ್ಪಿಗೆ ಈ ಅಂಶ ಅಷ್ಟಾಗಿ ಬೇಕಿಲ್ಲ; ನಾಳದೊಳಗೆ ಹೆಪ್ಪು ಬೆಳೆದು ದಾರಿ ಕಟ್ಟುವುದಕ್ಕೆ ಬೇಕು. ತುಂಗಭದ್ರಾ ಎಡದಂಡೆಯ ರೈತರಿಗೆ ಹೇಳುವುದಾದರೆ, ಈವರೆಗಿನ ಮಾತ್ರೆಗಳು ಮುಖ್ಯ ಕಾಲುವೆಯ ಗೇಟನ್ನೇ ಇಳಿಸುತ್ತಿದ್ದವು, 11ನೇ ಅಂಶವನ್ನು ತಡೆಯುವುದು ಒಂದು ಉಪಕಾಲುವೆಯನ್ನು ಮುಚ್ಚಿದಂತೆ.

ಹಾಗೆಂದು ಸರಪಳಿಯಲ್ಲಿ ಎಲ್ಲಿ ಕೈಯಿಟ್ಟರೂ ನಡೆಯುತ್ತದೆ ಎಂದಲ್ಲ. 12ನೇ ಅಂಶ ಇಲ್ಲದವನೆಂದು 1955ರಲ್ಲಿ ವರದಿಯಾದ ಮೊದಲಿಗ ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರ. ಅವನ ರಕ್ತ ಗಾಜಿನ ಕೊಳವೆಯಲ್ಲಿ ಬೇಗ ಹೆಪ್ಪುಗಟ್ಟುತ್ತಲೇ ಇರಲಿಲ್ಲ, ಆದರೆ ಅವನಿಗೆ ರಕ್ತಸ್ರಾವದ ತೊಂದರೆಯೂ ಇರಲಿಲ್ಲ. 1968ರಲ್ಲಿ ಬಿದ್ದು ಮೂಳೆ ಮುರಿದು ಹಾಸಿಗೆ ಹಿಡಿದ ಅವನು ಸತ್ತದ್ದು ಶ್ವಾಸಕೋಶಕ್ಕೆ ಹೆಪ್ಪು ಹೋಗಿ.

11ನೇ ಅಂಶವನ್ನು ತಗ್ಗಿಸುವ ಔಷಧವನ್ನು ಮೊಣಕಾಲು ಕೀಲು ಬದಲಿಸಿಕೊಂಡ 300 ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 2015ರಲ್ಲಿ ಬಂತು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಹೆಪ್ಪು ಶೇ 4, ಮಾಮೂಲಿ ಚುಚ್ಚುಮದ್ದು ಪಡೆದವರಲ್ಲಿ ಶೇ 30. ರಕ್ತಸ್ರಾವವೂ ಕಡಿಮೆಯೇ ಇತ್ತು. ತಿಂಗಳಿಗೊಮ್ಮೆ ಕೊಡುವ ಅಬೆಲಾಸಿಮ್ಯಾಬ್ ಚುಚ್ಚುಮದ್ದನ್ನು ರಿವರಾಕ್ಸಬಾನ್ ಜೊತೆ ಹೋಲಿಸಿದ ಅಧ್ಯಯನವನ್ನು 2023ರಲ್ಲಿ ಅವಧಿಗೆ ಮುಂಚೆಯೇ ಮುಗಿಸಿದರು, ರಕ್ತಸ್ರಾವ ಅಷ್ಟು ಸ್ಪಷ್ಟವಾಗಿ ಇಳಿದಿತ್ತು. ಅದೇ ವರ್ಷದ ಕೊನೆಯಲ್ಲಿ, 11ನೇ ಅಂಶವನ್ನೇ ತಡೆಯುವ ಆಸುಂಡೆಕ್ಸಿಯಾನ್ ಎಂಬ ಮಾತ್ರೆ ಮುಗ್ಗರಿಸಿತು. ಲಯ ತಪ್ಪಿದ ಹೃದಯದವರಲ್ಲಿ ಅದು ರಕ್ತಸ್ರಾವವನ್ನು ತಗ್ಗಿಸಿದ್ದು ನಿಜ, ಆದರೆ ಲಕ್ವವನ್ನು ಅಪಿಕ್ಸಬಾನ್‌ನಷ್ಟು ತಡೆಯಲಿಲ್ಲ. ರಕ್ತ ಸೋರದಿದ್ದರೆ ಸಾಲದು, ಹೆಪ್ಪೂ ನಿಲ್ಲಬೇಕಲ್ಲವೇ? 2025ರ ನವೆಂಬರ್‌ನಲ್ಲಿ ಅದೇ ಮಾತ್ರೆಯ ಬಗ್ಗೆ ಒಳ್ಳೆಯ ಸುದ್ದಿ ಬಂತು. ಒಮ್ಮೆ ಲಕ್ವವಾದ 12 ಸಾವಿರಕ್ಕೂ ಹೆಚ್ಚು ಜನರಿಗೆ ಪ್ಲೇಟ್‌ಲೆಟ್ ತಡೆಯುವ ಮಾತ್ರೆಯ ಜೊತೆ ಅದನ್ನೂ ಕೊಟ್ಟಾಗ ಮತ್ತೆ ಲಕ್ವ ಬಡಿಯುವುದು ತಗ್ಗಿತು, ದೊಡ್ಡ ರಕ್ತಸ್ರಾವ ಹೆಚ್ಚಲಿಲ್ಲ ಎಂದು ತಯಾರಕರು ಪ್ರಕಟಿಸಿದರು.

ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವ ನಮ್ಮ ಹಿರಿಯರಿಗೆ ಇದು ಮುಂದೊಂದು ದಿನ ತಲುಪಬಹುದು. ಕವಾಟದ ರೋಗಿಗಳ ಮಾತೇ ಬೇರೆ. ಹೃದಯದ ಲಯ ತಪ್ಪಿದವರ ಮೇಲೆ ನಡೆಯುವ ಇಂಥ ಅಧ್ಯಯನಗಳು ಲೋಹದ ಕವಾಟದವರನ್ನೂ ಹೃದಯದ ಎಡಭಾಗದ ಮೈಟ್ರಲ್ ಕವಾಟ ತೀರಾ ಕಿರಿದಾದವರನ್ನೂ ಸಾಮಾನ್ಯವಾಗಿ ಹೊರಗಿಡುತ್ತವೆ. ಆ ಸಣ್ಣ ಪುಸ್ತಕದವರು ಹೆಚ್ಚಾಗಿ ಇವರೇ. ಅವರ ಸುರಕ್ಷತೆ ಇವತ್ತಿಗೂ ನಿಂತಿರುವುದು ಹಳೆಯ ಮಾತ್ರೆ ಮತ್ತು ಐಎನ್‌ಆರ್ ಮೇಲೆ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಅದನ್ನು ತೋರಿಸುವ ಅಂಗೈಯಗಲದ ಉಪಕರಣಗಳು ಬಂದು ವರ್ಷಗಳಾದವು. ಮಸ್ಕಿಯಲ್ಲೋ ಕುಷ್ಟಗಿಯಲ್ಲೋ ಸಂಡೂರಿನಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥದೊಂದು ಇದ್ದು, ಅಂಕಿ ನೋಡಿ ಮಾತ್ರೆ ಹೊಂದಿಸುವವರು ಒಬ್ಬರಿದ್ದರೆ, ರೋಗಿಗೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಉಳಿಯುತ್ತದೆ, ಪರೀಕ್ಷೆ ತಪ್ಪಿಸುವ ಪ್ರಸಂಗವೂ ಬರುವುದಿಲ್ಲ.

ರಕ್ತಸ್ರಾವದ ಭಯವೇ ಇಲ್ಲದೆ ಹೆಪ್ಪು ತಡೆಯುವ ಮದ್ದೊಂದು ಈಗಾಗಲೇ ಇದೆ, ಅದು ಪೆನಿಸಿಲಿನ್. ಮಗುವಿನ ಗಂಟಲು ಸೋಂಕಿಗೆ ಸಕಾಲದಲ್ಲಿ ಚಿಕಿತ್ಸೆ ಕೊಡಿಸಿದರೆ, ಸಂಧಿವಾತ ಜ್ವರ ಬಂದುಹೋದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ತಪ್ಪದೆ ಹಾಕಿಸಿದರೆ, ಆ ಕವಾಟ ಕೆಡದೆ ಉಳಿಯಬಹುದು. ಆಗ ವಾರ್ಫರಿನ್ನೂ ಬೇಡ, ಐಎನ್‌ಆರ್ ಬೇಡ. ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕವಾಟದ ಸದ್ದನ್ನು ನಿಧಾನವಾಗಿ ಕೇಳಲಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕೇ.