ಟ್ಯಾಬ್‌ನಲ್ಲಿ ತಾಳಮದ್ದಳೆ: ಚೆಂಡೆ ಜೋರು, ಮಾತು ಮಾಯ

ಅಮ್ಮ ದಿನಾ ಮಧ್ಯಾಹ್ನ ಟ್ಯಾಬ್‌ನಲ್ಲಿ ತಾಳಮದ್ದಳೆ ಕೇಳುತ್ತಾರೆ. ಎಪ್ಪತ್ತು ದಾಟಿದ ಕಿವಿ. ಮೊನ್ನೆ ಊರಿಗೆ ಹೋದಾಗ ನೋಡಿದರೆ, ವಾಲ್ಯೂಮ್ ಪೂರ್ತಿ ಏರಿಸಿ, ಟ್ಯಾಬನ್ನು ದಿಂಬಿಗೆ ಒರಗಿಸಿ, ಹುಬ್ಬು ಗಂಟಿಕ್ಕಿ ಕೂತಿದ್ದರು. "ಚೆಂಡೆ ಬಂದ್ರೆ ಕಿವಿ ಒಡೀತದೆ ಮಾರಾಯ. ಅರ್ಥಧಾರಿ ಎಂತ ಹೇಳ್ತಾರೆ ಅಂತ ಮಾತ್ರ ಗೊತ್ತಾಗುದಿಲ್ಲ" ಎಂದರು.

ಆ ದೂರಿನಲ್ಲೇ ಅರ್ಧ ವಿಜ್ಞಾನ ಇದೆ. ಮಾತಿಗೆ ಗಟ್ಟಿತನ ಕೊಡುವುದು ಅ, ಆ, ಓ ಎಂಬ ಸ್ವರಗಳು. ಆದರೆ ಪದ ಯಾವುದು ಅಂತ ತಿಳಿಸುವುದು ಹೆಚ್ಚಾಗಿ ವ್ಯಂಜನಗಳು. ತ, ಶ, ಸ ಇವೆಲ್ಲ ತೆಳು ಸದ್ದುಗಳು. ಅವುಗಳ ಜೀವ ಇರುವುದು ಸುಮಾರು 2,000 ಹರ್ಟ್ಸ್‌ನಿಂದ (ಅಂದರೆ ಸೆಕೆಂಡಿಗೆ ಅಷ್ಟು ಕಂಪನದಿಂದ) ಮೇಲೆ, ‘ಸ’ಕಾರದ್ದಂತೂ 4,000ದ ಆಚೆಗೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ತುದಿಯನ್ನೇ. ಹಾಗಾಗಿ ದನಿ ಕೇಳಿಸುತ್ತದೆ, ಪದ ಬಿಡಿಸಿ ಬರುವುದಿಲ್ಲ. ವಾಲ್ಯೂಮ್ ಏರಿಸಿದರೆ ಎಲ್ಲವೂ ಒಟ್ಟಿಗೇ ಏರುತ್ತದೆ, ಚೆಂಡೆಯೂ.

ಸೆಟ್ಟಿಂಗ್ಸ್ ಮುಟ್ಟುವ ಮೊದಲು ಟ್ಯಾಬನ್ನು ದಿಂಬಿನಿಂದ ಎತ್ತಿ ಮರದ ಸ್ಟೂಲಿನ ಮೇಲೆ ಇಟ್ಟೆ. ಸ್ಪೀಕರಿನ ತೂತುಗಳು ಹತ್ತಿಯಲ್ಲಿ ಹುದುಗಿ ಹೋಗಿದ್ದವು. ಹತ್ತಿ ಹೆಚ್ಚು ನುಂಗುವುದು ತೆಳು ಸದ್ದನ್ನು, ಅಂದರೆ ಅಮ್ಮನಿಗೆ ಬೇಕಾದದ್ದನ್ನೇ.

ಆಮೇಲೆ ಈಕ್ವಲೈಜರ್, ಅಂದರೆ ದಪ್ಪ ಸದ್ದು, ತೆಳು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್. ಟ್ಯಾಬ್‌ನ ಸದ್ದು ತೆಳುವಾಗಿದೆ ಅನ್ನಿಸಿದ ಕೂಡಲೇ ನಾವೆಲ್ಲ ಬೇಸ್, ಅಂದರೆ ದಪ್ಪ ಸದ್ದನ್ನು, ಏರಿಸುತ್ತೇವೆ, ಅಲ್ವಾ? ಪುಟ್ಟ ಸ್ಪೀಕರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಸ್ಪೀಕರ್ ಅಂದರೆ ಗಾಳಿಯನ್ನು ತಳ್ಳುವ ಒಂದು ಪೊರೆ. ಸದ್ದು ಅಷ್ಟೇ ಗಟ್ಟಿ ಇದ್ದು ಅದರ ಆವರ್ತನ (ಹರ್ಟ್ಸ್ ಸಂಖ್ಯೆ) ಅರ್ಧಕ್ಕೆ ಇಳಿದರೆ, ಪೊರೆ ನಾಲ್ಕು ಪಟ್ಟು ದೂರ ಓಡಾಡಬೇಕು. 400 ಹರ್ಟ್ಸ್‌ನಿಂದ 100ಕ್ಕೆ ಇಳಿದರೆ 16 ಪಟ್ಟು. ಬೆರಳಿಗಿಂತ ತೆಳ್ಳಗಿನ ಟ್ಯಾಬ್‌ನೊಳಗೆ ಅಷ್ಟು ಜಾಗ ಎಲ್ಲಿದೆ?

ಹಾಗಾದರೆ ಟ್ಯಾಬ್‌ನಲ್ಲಿ ದಪ್ಪ ದನಿ ಕೇಳುವುದಾದರೂ ಹೇಗೆ? ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ, ಅಂದರೆ ಆಧಾರ ಸ್ವರ, ಸುಮಾರು 139 ಹರ್ಟ್ಸ್. ಪುಟ್ಟ ಸ್ಪೀಕರಿನಿಂದ ಅದು ಹೊರಗೆ ಬರುವುದು ಇದ್ದೂ ಇಲ್ಲದ ಹಾಗೆ. ಆದರೆ ಅದರ ಜೊತೆಗೇ ಹುಟ್ಟುವ 277, 416, 554 ಹರ್ಟ್ಸ್‌ನ ಉಪಸ್ವರಗಳು ಚೆನ್ನಾಗಿ ಬರುತ್ತವೆ. ಅವುಗಳ ನಡುವಿನ ಅಂತರ ಹೆಚ್ಚುಕಮ್ಮಿ 139. ಮಿದುಳು ಈ ಸಾಲನ್ನು ಗುರುತು ಹಿಡಿದು, ಬಾರದ ಷಡ್ಜವನ್ನು ತಾನೇ ಕೇಳಿಸಿಕೊಳ್ಳುತ್ತದೆ. ಎಷ್ಟು ಸಲ ಯೋಚಿಸಿದರೂ ನನಗೆ ಇದೊಂದು ಬೆರಗು. ಬೇಸ್ ಇಳಿಸಿದರೂ ಭಾಗವತರ ಶ್ರುತಿ ಕೆಡದೇ ಇರುವುದು ಇದರಿಂದಲೇ.

ಏರಿಸುವುದರಲ್ಲಿ ಇನ್ನೊಂದು ತೊಂದರೆ ಇದೆ. 16 ಬಿಟ್ ಧ್ವನಿಯಲ್ಲಿ ಅಲೆಯ ಎತ್ತರ ಬರೆದಿಡಲು ಇರುವ ಅತಿ ದೊಡ್ಡ ಸಂಖ್ಯೆ 32,767. ಚೆಂಡೆಯ ಒಂದು ಪೆಟ್ಟು 30,000 ಮುಟ್ಟಿದೆ ಅಂದುಕೊಳ್ಳಿ. ಅದನ್ನು 6 ಡೆಸಿಬೆಲ್ ಏರಿಸಿದರೆ ಎತ್ತರ ಇಮ್ಮಡಿಯಾಗಿ 60,000 ಆಗಬೇಕು. ಆಗುವುದಿಲ್ಲ. ಅಲೆಯ ತಲೆ ಸಪಾಟಾಗಿ ಕತ್ತರಿಸಿ ಹೋಗುತ್ತದೆ, ನಮಗೆ ಅದು ಕರಕರ ಅಂತ ಕೇಳಿಸುತ್ತದೆ. ಕೆಲವು ಟ್ಯಾಬ್‌ಗಳು ಇದನ್ನು ತಪ್ಪಿಸಲು ಒಟ್ಟು ಸದ್ದನ್ನೇ ಅದುಮಿಬಿಡುತ್ತವೆ. ಆಗ ಬೇಸ್ ಏರಿಸಿದ್ದಕ್ಕೆ ಮಾತು ಬಲಿ.

ಅಮ್ಮನ ಟ್ಯಾಬ್‌ನಲ್ಲಿ ಐದು ಪಟ್ಟಿಗಳಿದ್ದವು: 60, 230, 910, 3,600, 14,000 ಹರ್ಟ್ಸ್. 60ನ್ನು ಪೂರ್ತಿ ಕೆಳಗೆ ಎಳೆದೆ. 230ನ್ನು ಸ್ವಲ್ಪ ಇಳಿಸಿದೆ. 3,600ನ್ನು ಮಾತ್ರ ಒಂದೆರಡು ಡೆಸಿಬೆಲ್ ಮೇಲೆತ್ತಿದೆ. ಇಳಿಸಿದ್ದರಿಂದ ಜಾಗ ಸಿಕ್ಕಿತು, ಆ ಜಾಗದಲ್ಲಿ ವ್ಯಂಜನ ಎದ್ದು ಬಂತು. ಚೆಂಡೆಯ ಕಾಟಕ್ಕೆ ‘ವಾಯ್ಸ್’ ಅನ್ನುವ ಮೋಡ್ ಹಾಕಿದೆ. ಇಂಥ ಮೋಡ್‌ಗಳು ಮಾತನ್ನು ಮುಂದೆ ತರುತ್ತವೆ, ಅವುಗಳಲ್ಲಿ ಹಲವು, ಜೋರು ಸದ್ದಿಗೂ ಮೆಲು ಸದ್ದಿಗೂ ಇರುವ ದೂರವನ್ನು ಕಮ್ಮಿ ಮಾಡುತ್ತವೆ. ಶಾಸ್ತ್ರೀಯ ಸಂಗೀತಕ್ಕೆ ನಾನು ಇದನ್ನು ಹಾಕುವುದಿಲ್ಲ, ಅಲ್ಲಿ ಆ ದೂರವೇ ಸೊಗಸು.

ಹೋಲಿಸುವಾಗ ಒಂದು ಎಚ್ಚರ ಬೇಕು. ಮೆಲು ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಇನ್ನಷ್ಟು ಕಮ್ಮಿ ಕೇಳಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಸ್ವಲ್ಪ ಜೋರಾಗಿ ಕೇಳಿಸಿದ್ದೆಲ್ಲ ಚೆನ್ನಾಗಿದೆ ಅನ್ನಿಸುವುದೂ ಉಂಟು. ಅದಕ್ಕೇ ಎರಡು ಸೆಟ್ಟಿಂಗ್‌ಗಳನ್ನು ಒಂದೇ ಗಟ್ಟಿತನದಲ್ಲಿ ಕೇಳಿ ನೋಡಬೇಕು.

ಅಮ್ಮನ ಎಡಗಿವಿ ಬಲಗಿವಿಗಿಂತ ಮಂದ. ಇಯರ್‌ಫೋನ್ ಹಾಕಿದಾಗ ಎಡಗಡೆಗೆ ಹೋದ ದನಿ ಅವರಿಗೆ ದಕ್ಕುತ್ತಲೇ ಇರಲಿಲ್ಲ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ ‘ಮೋನೋ ಆಡಿಯೋ’ ಅಂತ ಒಂದು ಸ್ವಿಚ್ ಇದೆ. ಅದನ್ನು ಒತ್ತಿದರೆ ಎರಡೂ ಕಡೆಯ ಸದ್ದು ಬೆರೆತು ಎರಡೂ ಕಿವಿಗೆ ಬರುತ್ತದೆ. ಹಿರಿಯರಿರುವ ಮನೆಯಲ್ಲಿ ಈ ಸ್ವಿಚ್ ಗೊತ್ತಿರಲೇಬೇಕು.

ಎಲ್ಲ ಮುಗಿಸಿ ಟ್ಯಾಬ್ ಕೈಗೆ ಕೊಟ್ಟೆ. ಕೌರವನ ಮಾತು ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅಮ್ಮ ತಾವೇ ವಾಲ್ಯೂಮ್ ಎರಡು ಗೆರೆ ಇಳಿಸಿದರು. "ಸ್ವಲ್ಪ ಹಿಂದೆ ತಕೋ, ಈಗ ಒಂದು ಮಾತು ಹೇಳಿದ್ರಲ್ಲ, ಅದು ಇನ್ನೊಂದ್ಸಲ ಕೇಳ್ಬೇಕು" ಎಂದರು.